ಉಜ್ಜದ ಡೈಮು

ಲಿಂಡೆನ್ ಕ್ರೀಕ್‌ನಲ್ಲಿ ಯಾರ ಕೈಗಾದರೂ ಹಳೆಯ ನಾಣ್ಯವೊಂದು ಸಿಕ್ಕರೆ ಮೊದಲು ಬಾಯಿಗೆ ಬರುತ್ತಿದ್ದ ಮಾತು ಒಂದೇ: "ಡೆಲ್ಮರ್‌ಗೆ ತೋರಿಸು."

ಡೆಲ್ಮರ್ ಹ್ರುಸ್ಕಾ ತನ್ನ ದುಡಿಮೆಯ ಕಾಲವನ್ನೆಲ್ಲ ನಾಣ್ಯ ಹಾಕಿದರೆ ಮಿಠಾಯಿ, ಕಾಫಿ ಕೊಡುವ ಯಂತ್ರಗಳ ಹೊಟ್ಟೆ ಬಗೆದು ಚಿಲ್ಲರೆ ತೆಗೆಯುವುದರಲ್ಲಿ ಕಳೆದವನು. ನೆಬ್ರಾಸ್ಕಾದ ಆ ಸೀಮೆಯಲ್ಲಿ ಶಾಲೆ, ಆಸ್ಪತ್ರೆ, ಟ್ರಾಕ್ಟರ್ ಮಾರುವ ಅಂಗಡಿ, ಹಂದಿ ಹರಾಜಿನ ಕೊಟ್ಟಿಗೆ, ಎಲ್ಲಿ ಯಂತ್ರವಿತ್ತೋ ಅಲ್ಲಿ ಅವನ ಬೀಗದ ಕೈ ಗೊಂಚಲು ಝಣಗುಟ್ಟುತ್ತಿತ್ತು. ಸಂಜೆ ಮನೆಗೆ ಬಂದು ಚೀಲ ಬಿಚ್ಚಿದರೆ ಅವನ ಕಣ್ಣು ಹೋಗುತ್ತಿದ್ದದ್ದು ಡೈಮಿನ ಕಡೆಗೆ, ಅಂದರೆ ಹತ್ತು ಸೆಂಟಿನ ಪುಟ್ಟ ನಾಣ್ಯದ ಕಡೆಗೆ. ನಾಣ್ಯಕ್ಕೆ ಬೆಳ್ಳಿ ಹಾಕುವ ಕಾಲ ಮುಗಿದ ಮೇಲಿನ ಸಾದಾ ಡೈಮು. ತಾಮ್ರದ ಹೊಟ್ಟೆ, ಮೇಲೆ ನಿಕ್ಕಲಿನ ಹೊದಿಕೆ, ಅಂಚಿನಲ್ಲಿ ಕೆಂಪು ಗೆರೆ. ಗಲ್ಲಾದ ಹೊರಗೆ ಬಿದ್ದರೆ ಅಂಗಡಿಯವನು ಬಗ್ಗಿ ಎತ್ತಿಕೊಳ್ಳದಂಥದ್ದು. ಅದರಲ್ಲಿ ಚೆನ್ನಾಗಿರುವ ಒಂದು ಸಿಕ್ಕಿದರೆ ತನ್ನ ಜೇಬಿನ ಡೈಮೊಂದನ್ನು ಚೀಲಕ್ಕೆ ಹಾಕಿ, ಅದನ್ನು ತಾನು ಇಟ್ಟುಕೊಳ್ಳುತ್ತಿದ್ದ.

ತಿಂಗಳಿಗೊಮ್ಮೆ ಮಂಗಳವಾರ ಸಂಜೆ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ನಾಣ್ಯದವರ ಸಂಘ ಸೇರುತ್ತಿತ್ತು. ಮಡಚುವ ಕುರ್ಚಿ, ದೊಡ್ಡ ಹಂಡೆಯಲ್ಲಿ ತೆಳು ಕಾಫಿ, ಯಾರಾದರೊಬ್ಬರ ಹೆಂಡತಿ ಕಳಿಸಿದ ಖರ್ಜೂರದ ಬಿಸ್ಕತ್ತು. ಮಿಕ್ಕವರು ಬೆಳ್ಳಿ ಡಾಲರು, ಹಳೆಯ ಚಿನ್ನ ಎಂದು ಮಾತಾಡುವಾಗ ಡೆಲ್ಮರ್ ತನ್ನ ಡೈಮಿನ ಪೆಟ್ಟಿಗೆ ಬಿಚ್ಚುತ್ತಿದ್ದ.

"ಡೆಲ್ಮರ್, ನಿನ್ನ ಪೆಟ್ಟಿಗೆ ಪೂರ್ತಿ ಮಾರಿದ್ರೆ ನನ್ನ ಪಿಕಪ್ಪಿಗೆ ಒಂದು ಟೈರು ಬರುತ್ತೇನೋ?" ಎಂದು ಸಂಘದ ಅಧ್ಯಕ್ಷ ಗೇಲೆನ್ ಓಟೆ ಕೆಣಕುತ್ತಿದ್ದ.

"ಬರೋ ಹಾಗಿದ್ರೆ ಯಾವತ್ತೋ ಮಾರ್ತಿದ್ದೆ ಕಣೋ. ನಿನ್ನ ಗಾಡಿಗಲ್ಲ, ನನ್ನದಕ್ಕೆ."

ನಕ್ಕರೂ, ಕೊನೆಗೆ ಎಲ್ಲರೂ ತಮ್ಮ ನಾಣ್ಯವನ್ನು ಅವನ ಮುಂದೆಯೇ ಇಡುತ್ತಿದ್ದರು. ಬೆಲೆಯಿಲ್ಲದ ಡೈಮನ್ನು ಅಷ್ಟು ಕಾಲ ನೋಡಿ ನೋಡಿ ಅವನ ಕಣ್ಣು ಪಳಗಿತ್ತು. ಟಂಕಸಾಲೆಯಿಂದ ಬಂದ ಹಾಗೇ ಉಳಿದ ನಾಣ್ಯವನ್ನು ದೀಪದ ಕೆಳಗೆ ವಾಲಿಸಿದರೆ ಬೆಳಕು ಗಾಲಿಯ ಅರಗಳ ಹಾಗೆ ಅದರ ಮೇಲೆ ಸುತ್ತುತ್ತದೆ. ಉಜ್ಜಿ ಬೆಳಗಿದ ನಾಣ್ಯದಲ್ಲಿ ಹೊಳಪೇನೋ ಇರುತ್ತದೆ, ಆದರೆ ಬೆಳಕು ಸುತ್ತುವುದಿಲ್ಲ; ಚಮಚದ ಬೆನ್ನಿನ ಹಾಗೆ ಸುಮ್ಮನೆ ಮಿನುಗುತ್ತದೆ. ಡೈಮಿನ ಹಿಂಬದಿಯಲ್ಲಿ ಉರಿಯುವ ಪಂಜೊಂದರ ಚಿತ್ರವಿದೆ. ಅದಕ್ಕೆ ಸುತ್ತಿದ ಪಟ್ಟಿಗಳ ನಡುವಿನ ಗೆರೆ ಮಾಸದೆ, ಮುರಿಯದೆ ಇದ್ದರೆ ಅದು ಮೇಲಿನ ದರ್ಜೆ. ಡೆಲ್ಮರ್ ಭೂತಗನ್ನಡಿ ಹಿಡಿದು, ಮೂಗಿನಲ್ಲಿ ಒಂದು ಸದ್ದು ಮಾಡಿ, ತೀರ್ಪು ಹೇಳುತ್ತಿದ್ದ. ಅದಕ್ಕೆ ಎದುರು ಮಾತಿರಲಿಲ್ಲ. ಹೆಂಡತಿ ಲವೊನ್ ಅವನ ಬೇರೆ ಯಾವ ಮಾತಿಗೂ ಬೆಲೆ ಕೊಡುತ್ತಿರಲಿಲ್ಲವಾದ್ದರಿಂದ, ಆ ಮಂಗಳವಾರದ ಮರ್ಯಾದೆ ಅವನಿಗೆ ಊಟದಷ್ಟೇ ಬೇಕಾಗಿತ್ತು.

ಕೆಲಸದಿಂದ ನಿವೃತ್ತನಾದ ಮೇಲೆ ಅವನ ಕಣ್ಣಿಗೆ ಪೊರೆ ಬರತೊಡಗಿತು. ಬಂದದ್ದು ಗೊತ್ತಾಗದಷ್ಟು ಮೆಲ್ಲಗೆ. ಮೊದಲು ಬೀದಿದೀಪಗಳ ಸುತ್ತ ಒಂದು ಬಳೆ ಕಾಣಿಸಿತು. ಆಮೇಲೆ ಪೇಪರಿನವರು ಮಸಿ ಉಳಿಸುತ್ತಿದ್ದಾರೆ ಎಂದು ಬೈಯತೊಡಗಿದ.

"ಕಣ್ಣು ತೋರಿಸ್ಕೊಂಡು ಬಾರೋ," ಎಂದಳು ಲವೊನ್. "ನಿನ್ನೆ ಕಾಫಿಗೆ ಉಪ್ಪು ಹಾಕ್ಕೊಂಡು ಕುಡಿದೆ. ಕುಡಿದಿದ್ದೂ ನಿನಗೆ ಗೊತ್ತಾಗಲಿಲ್ಲ."

"ಗೊತ್ತಾಯ್ತು. ನಿನ್ನ ಕಾಫಿಗೆ ಅದೇ ವಾಸಿ ಅನ್ನಿಸ್ತು."

ಅವನು ಗೆದ್ದೆನೆಂದುಕೊಂಡ. ಕಣ್ಣು ಮಂದವಾಯಿತೆಂದು ಒಪ್ಪಿಕೊಂಡರೆ ಮಂಗಳವಾರದ ಆ ಕುರ್ಚಿ ಹೋಯಿತು. ಅವನ ಭಯವೆಲ್ಲ ಅಷ್ಟೇ. ಅದಕ್ಕೇ ನಾಣ್ಯ ಕೈಗೆ ಬಂದಾಗ ಕಾಣದಿದ್ದನ್ನು ಊಹಿಸುವುದನ್ನು ಕಲಿತುಕೊಂಡ. ತಂದವನ ಮುಖ, ನಾಣ್ಯ ಎಲ್ಲಿಂದ ಬಂತೆಂಬ ಕತೆ, ಪಕ್ಕದವನ ಬಾಯಿಂದ ಜಾರಿದ ಮಾತು, ಇವನ್ನೆಲ್ಲ ಸೇರಿಸಿ ಒಂದು ತೀರ್ಪು ಕಟ್ಟುತ್ತಿದ್ದ. ಎಷ್ಟೋ ಸಲ ಸರಿಯೇ ಆಗುತ್ತಿತ್ತು.

ಹೀಗಿರುವಾಗ ಒಂದು ಮಂಗಳವಾರ ರೊಕ್ಸಾನ್ ಟೀಮನ್ ಸಂಘಕ್ಕೆ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಊರಿನ ಮಕ್ಕಳೆಲ್ಲ ಅವಳ ಕೈಯ ಊಟ ಉಂಡವರೇ. ಅವಳ ಅಪ್ಪ ಎಲ್ಡನ್ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಧಾನ್ಯದ ಗೋದಾಮಿನಲ್ಲಿ ತೂಕದ ಕೆಲಸದವನು, ಸಂಘದ ಕಡೆ ಎಂದೂ ತಲೆ ಹಾಕಿದವನಲ್ಲ. ಅವಳ ಕಂಕುಳಲ್ಲಿ ನೀಲಿ ರಟ್ಟಿನ ಆಲ್ಬಮ್ ಇತ್ತು. ಒಳಗೆ ಸುತ್ತಿನ ಗೂಡುಗಳಲ್ಲಿ ವರ್ಷಕ್ಕೊಂದರಂತೆ ಡೈಮುಗಳು.

"ಪ್ರತಿ ವರ್ಷ ಹೊಸ ನಾಣ್ಯ ಬ್ಯಾಂಕಿಗೆ ಬಂದಾಗ ಅಪ್ಪ ಕಾಗದ ಸುತ್ತಿದ ನಾಣ್ಯದ ಸುರುಳಿಯೊಂದನ್ನ ತಂದು, ಒಡೆದು, ಎಲ್ಲಕ್ಕಿಂತ ಚೆನ್ನಾಗಿರೋದನ್ನ ಆರಿಸ್ತಿದ್ರು," ಎಂದಳು ರೊಕ್ಸಾನ್. "ಸಂಘದ ವಸಂತದ ಪ್ರದರ್ಶನದಲ್ಲಿ ಇದನ್ನ ಅವರ ಹೆಸರಲ್ಲಿ ಇಡೋಣ ಅಂತ. ಇಡಬಹುದಾ, ಮಿಸ್ಟರ್ ಹ್ರುಸ್ಕಾ?"

ಡೆಲ್ಮರ್ ಒಂದು ಡೈಮು ತೆಗೆದು ದೀಪಕ್ಕೆ ಒಡ್ಡಿದ. ವಾಲಿಸಿದ. ಬೆಳಕು ಸುತ್ತಲಿಲ್ಲ. ಹಾಲು ಚೆಲ್ಲಿದ ಹಾಗೆ ಒಂದು ಮಬ್ಬು ಮಿನುಗು, ಅಷ್ಟೇ. ಇನ್ನೊಂದು ತೆಗೆದ. ಅದೂ ಹಾಗೇ. ಪಂಜಿನ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಅದೇ ಮಬ್ಬು ದೀಪದ ಸುತ್ತಲೂ ಇತ್ತು, ಎದುರಿಗೆ ಕೂತ ಗೇಲೆನ್‌ನ ಮುಖದ ಸುತ್ತಲೂ ಇತ್ತು. ಅದು ಡೆಲ್ಮರ್‌ಗೆ ಗೊತ್ತಿತ್ತು. ಎಲ್ಲೋ ಒಳಗೆ, ಸುಮ್ಮನಿರು ಎಂಬ ಅಳುಕು ಎದ್ದಿತು. ಆದರೆ ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಗೋದಾಮಿನ ತೂಕದವನು ಮನೆಯಲ್ಲೇ ಕೂತು ಇಂಥದ್ದೊಂದು ಸಂಗ್ರಹ ಮಾಡಿದನೆಂದರೆ ಹೇಗೆ? ಅವನು ಮೂಗಿನಲ್ಲಿ ಸದ್ದು ಮಾಡಿದ.

"ಇವನ್ನ ಯಾರೋ ಉಜ್ಜಿದ್ದಾರಮ್ಮಾ."

"ಉಜ್ಜೋದು ಅಂದ್ರೆ?"

"ಹಳೇ ಬನಿಯನ್ನಿಗೆ ಒಂದಿಷ್ಟು ಟೂತ್‌ಪೇಸ್ಟ್ ಹಚ್ಕೊಂಡು ತಿಕ್ಕೋದು. ಹೊಸದರ ಹಾಗೆ ಕಾಣಲಿ ಅಂತ. ಈಗ ಇವೆಲ್ಲ ಬರೀ ಚಿಲ್ಲರೆ."

"ನಮ್ಮಪ್ಪ ಹಾಗೆಲ್ಲ ಮಾಡೋರಲ್ಲ."

"ಯಾರ ಅಪ್ಪನೂ ಮಾಡೋನಲ್ಲ," ಎಂದ ಡೆಲ್ಮರ್. "ಆದ್ರೆ ಡೈಮಿಗೆ ಹಲ್ಲಿಲ್ಲ ನೋಡು, ತಾನೇ ತಿಕ್ಕೊಳ್ಳೋಕೆ."

ನೆಲಮಾಳಿಗೆ ಘೊಳ್ಳೆಂದಿತು. ಆ ನಗು ಅವನ ಎದೆಯನ್ನು ಬೆಚ್ಚಗೆ ಮಾಡಿತು. ರೊಕ್ಸಾನ್ ಕತ್ತಿನವರೆಗೆ ಕೆಂಪಾಗಿ ಆಲ್ಬಮ್ ಮುಚ್ಚಿದಳು. ಆಗ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ.

"ಒಂದನ್ನ ಇಲ್ಲೇ ಬಿಟ್ಟು ಹೋಗ್ತೀಯಾ? ಹೊಸಬರಿಗೆ ತೋರಿಸೋಕೆ ಬೇಕು. ಉಜ್ಜಿದ್ದು ಹೇಗಿರುತ್ತೆ ಅಂತ."

"ತಗೊಳ್ಳಿ," ಎಂದಳು ಅವಳು. "ನನಗ್ಯಾಕೆ ಇನ್ನು." ಕೋಟಿನ ಗುಂಡಿ ಕೂಡ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿ ಹೊರಟುಹೋದಳು.

ಆ ಡೈಮನ್ನು ಅವನು ನಡುವೆ ಪಾರದರ್ಶಕ ಕಿಂಡಿಯಿದ್ದ ಪುಟ್ಟ ರಟ್ಟಿನ ಚೌಕದಲ್ಲಿ ಕೂರಿಸಿ, ಮೇಲೆ 'ಉಜ್ಜಿದ್ದು' ಎಂದು ಬರೆದ. ಇಡೀ ಚಳಿಗಾಲ ಹೊಸದಾಗಿ ಬಂದವರಿಗೆಲ್ಲ ಅದನ್ನು ತೋರಿಸಿದ. ಟೂತ್‌ಪೇಸ್ಟಿನ ಕತೆಯನ್ನೂ ಹೇಳಿದ. ಎಲ್ಡನ್ ಟೀಮನ್‌ನ ಹೆಸರು ಹೇಳುವುದೇನೂ ಬೇಕಿರಲಿಲ್ಲ, ಊರು ಚಿಕ್ಕದು.

ವಸಂತದ ಪ್ರದರ್ಶನವೂ ಕಳೆಯಿತು. ಬೇಸಿಗೆಯ ಕೊನೆಗೆ ಡೆಲ್ಮರ್ ಪಿಕಪ್ ಹಿಂದಕ್ಕೆ ತೆಗೆಯುವಾಗ ತನ್ನದೇ ಅಂಚೆಪೆಟ್ಟಿಗೆಯನ್ನು ಉರುಳಿಸಿದ. ಲವೊನ್ ಬೀಗದ ಕೈ ಕಿತ್ತುಕೊಂಡು, "ಇನ್ನು ಅಡ್ಡ ಮಾತಾಡಿದ್ರೆ ನಿನ್ನ ಬಿಟ್ಟು ತಂಗಿ ಮನೆಗೆ ಹೋಗ್ತೀನಿ," ಎಂದಳು. ಅವಳೇ ಗಾಡಿ ಓಡಿಸಿಕೊಂಡು ಲಿಂಕನ್ ನಗರದ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಮೊದಲು ಒಂದು ಕಣ್ಣಿನ, ಆಮೇಲೆ ಇನ್ನೊಂದರ ಪೊರೆ ತೆಗೆದರು.

ಕಟ್ಟು ಬಿಚ್ಚಿದಾಗ ಅವನು ಮಗುವಿನ ಹಾಗೆ ಆಡಿದ. ಅಡುಗೆಮನೆಯ ಗೋಡೆ ತಿಳಿ ಹಳದಿ ಎಂದುಕೊಂಡಿದ್ದ, ಅದು ಬಿಳಿ. ಲವೊನ್‌ಳ ಮುಖದಲ್ಲಿ ಅವನು ಕಾಣದೇ ಇದ್ದ ಸುಕ್ಕುಗಳಿದ್ದವು.

"ಏನು ಹಾಗೆ ನೋಡ್ತೀಯ?"

"ಯಾವಾಗ ಇಷ್ಟು ಮುದುಕಿಯಾದೆ?"

"ನೀನು ಡೈಮು ನೋಡ್ತಾ ಇದ್ದಾಗ," ಎಂದಳು ಅವಳು, ನಕ್ಕೂ ನಕ್ಕಳು.

ಊಟವಾದ ಮೇಲೆ ಅವನು ತನ್ನ ಪೆಟ್ಟಿಗೆ ತಂದು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡ. ಕಣ್ಣಿನ ಹೊಸ ಹರಿತವನ್ನು ಪರೀಕ್ಷಿಸಬೇಕಿತ್ತು. ಕೆಟ್ಟದ್ದರಿಂದ ಶುರುಮಾಡಿ ಒಳ್ಳೆಯದಕ್ಕೆ ಹೋಗೋಣ ಎಂದುಕೊಂಡು 'ಉಜ್ಜಿದ್ದು' ಎಂದು ಬರೆದದ್ದನ್ನು ಮೊದಲು ಕೈಗೆತ್ತಿಕೊಂಡ. ಬಿಸಿಲಿಗೆ ಹಿಡಿದು ವಾಲಿಸಿದ.

ಬೆಳಕು ಸುತ್ತಿತು.

ಅಂಚಿನಿಂದ ಅಂಚಿಗೆ, ಗಾಲಿಯ ಅರಗಳ ಹಾಗೆ, ಎಲ್ಲೂ ತಡೆಯದೆ ಸುತ್ತಿತು. ಅವನು ಇನ್ನೊಮ್ಮೆ ವಾಲಿಸಿದ. ರಟ್ಟಿನಿಂದ ಬಿಡಿಸಿ, ಅಂಚು ಹಿಡಿದು, ಭೂತಗನ್ನಡಿಯ ಕೆಳಗೆ ತಂದ. ಬಟ್ಟೆ ತಿಕ್ಕಿದರೆ ಬೀಳುವ ಕೂದಲೆಳೆಯಂಥ ಗೀರು ಒಂದೂ ಇರಲಿಲ್ಲ. ಪಂಜಿನ ಪಟ್ಟಿಗಳ ನಡುವಿನ ಗೆರೆ ಈ ತುದಿಯಿಂದ ಆ ತುದಿಯವರೆಗೆ ಹೊಸದಾಗಿ ಉತ್ತ ಸಾಲಿನ ಹಾಗೆ ಬಿಡಿಬಿಡಿಯಾಗಿತ್ತು. ಅವನ ಪೆಟ್ಟಿಗೆಯಲ್ಲಿ ಆ ವರ್ಷದ ಅಂಥ ಡೈಮು ಇರಲಿಲ್ಲ. ಸಂಘದಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಡೆಲ್ಮರ್‌ನ ಕಿವಿ ಬಿಸಿಯಾಯಿತು. ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ, ಲವೊನ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಆದರೂ ಅಂಗೈಯಿಂದ ಆ ಡೈಮನ್ನು ಮುಚ್ಚಿಬಿಟ್ಟ. 'ಡೈಮಿಗೆ ಹಲ್ಲಿಲ್ಲ ನೋಡು' ಎಂದ ತನ್ನ ದನಿ ಕೇಳಿಸಿತು. ನಗು ಕೇಳಿಸಿತು. ಕೋಟಿನ ಗುಂಡಿ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿದ ಬೆನ್ನು ಕಂಡಿತು. ಆ ದಿನ ಮಬ್ಬಾಗಿ ಕಂಡಿದ್ದ ಬೆನ್ನು ಈಗ ಯಾಕೋ ನೂಲುನೂಲೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಮುಂದಿನ ಮಂಗಳವಾರ ಹೇಳಿಬಿಡಬೇಕೆಂದೇ ಹೋದ. ಅಂದು ಪಕ್ಕದ ಊರಿನ ಹೊಸಬನೊಬ್ಬ ಬಂದಿದ್ದ.

"ಡೆಲ್ಮರ್, ಆ ಟೂತ್‌ಪೇಸ್ಟ್ ಡೈಮು ತೋರ್ಸು ಇವನಿಗೆ," ಎಂದ ಗೇಲೆನ್. "ಕತೆ ಸಮೇತ."

ಡೈಮು ಅಂಗಿಯ ಜೇಬಿನಲ್ಲೇ ಇತ್ತು. ಬಾಯಿ ತೆರೆದ ಡೆಲ್ಮರ್. "ಅದು... ಕಳೆದುಹೋಯ್ತು ಕಣೋ," ಎಂದ.

"ಅಯ್ಯೋ, ಅಂಥ ಒಳ್ಳೇ ಕೆಟ್ಟ ನಾಣ್ಯ ಇನ್ನೆಲ್ಲಿ ಸಿಗುತ್ತೆ!"

ಮತ್ತೆ ನಗು. ಡೆಲ್ಮರ್ ತಾನೂ ನಕ್ಕ. ಕಾಫಿ ಕುಡಿಯದೆ ಮನೆಗೆ ಬಂದ. ಕಾಣದೆ ಮಾಡಿದ್ದು ಒಂದು; ಈಗ ಕಣ್ಣಾರೆ ಕಂಡೂ ಮಾಡಿದ್ದಾಯಿತು ಎಂದು ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಊಟ ಸೇರಲಿಲ್ಲ. ಪೆಟ್ಟಿಗೆಯನ್ನು ಬಟ್ಟೆ ಕಪಾಟಿನ ಹಿಂದೆ ತಳ್ಳಿದ. ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗ ಕಣ್ಣು ತಪ್ಪಿಸತೊಡಗಿದ.

ಲವೊನ್ ಎಷ್ಟು ದಿನ ಸುಮ್ಮನಿದ್ದಾಳು?

"ಕಣ್ಣು ನೋಯ್ತಿದೆಯಾ?"

"ಇಲ್ಲ. ಚೆನ್ನಾಗಿ ಕಾಣ್ತಿದೆ. ಅದೇ ತೊಂದರೆ."

ಕೊನೆಗೆ ಹೇಳಿದ. ಅವಳು ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಲಿಲ್ಲ. ನಾನು ಆಗಲೇ ಹೇಳಿರಲಿಲ್ಲವೇ ಎಂಬ ಮಾತಿಗೆ ಅವನು ತಲೆ ಬಗ್ಗಿಸಿ ಕಾದ. ಅವಳು ಅದನ್ನು ಹೇಳಲಿಲ್ಲ.

"ಅವಳಿಗೆ ಹೇಳಿದೆಯಾ?"

"ಇಲ್ಲ."

"ಮತ್ತೆ ನನ್ನ ಮುಂದೆ ಯಾಕೆ ಅಳ್ತಿದೀಯ? ನಾನೇನು ಟೀಮನ್ ಮಗಳಾ?"

ಶನಿವಾರ ಬೆಳಿಗ್ಗೆ ರೊಕ್ಸಾನ್ ತನ್ನ ಮನೆಯ ಮುಂದೆ ಉದುರಿದೆಲೆ ಗುಡಿಸುತ್ತಿದ್ದಳು. ಡೆಲ್ಮರ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆದುರಿಹೋಗಿದ್ದವು.

"ನಿಮ್ಮಪ್ಪ ಅವನ್ನ ಉಜ್ಜಿರಲಿಲ್ಲ," ಎಂದ. "ನನ್ನ ಕಣ್ಣಲ್ಲಿ ಪೊರೆ ಇತ್ತು. ಈಗ ತೆಗೆಸಿದೆ. ನೀನು ಬಿಟ್ಟುಹೋದದ್ದನ್ನ ನೋಡಿದೆ. ಅವು ಒಳ್ಳೇವು. ತುಂಬಾ ಒಳ್ಳೇವು. ನಾನು ಹೇಳಿದ್ದೆಲ್ಲ ತಪ್ಪು."

ಅವಳು ಪೊರಕೆಗೆ ಒರಗಿ ನಿಂತಳು. "ಕಣ್ಣು ಕಾಣ್ತಿಲ್ಲ ಅಂತ ನಿಮಗೆ ಆವತ್ತು ಗೊತ್ತಿತ್ತಾ?"

ಇಲ್ಲ ಎನ್ನುವುದು ಸುಲಭವಿತ್ತು. ಹಾಗೆಂದಿದ್ದರೆ ಅವಳು ನಂಬುತ್ತಲೂ ಇದ್ದಳು.

"ಗೊತ್ತಿತ್ತು," ಎಂದ ಡೆಲ್ಮರ್.

"ಕಾಣ್ತಿಲ್ಲ ಅಂತ ಒಂದು ಮಾತು ಅಂದಿದ್ರೆ ಆಗಿತ್ತು."

"ಹೌದು."

"ಎಲ್ಲರನ್ನೂ ನಗಿಸಿದ್ರಿ."

"ಹೌದು. ಆ ಆಲ್ಬಮ್ ಕೊಟ್ರೆ ನಾನೇ ಪ್ರದರ್ಶನಕ್ಕೆ..."

"ಎಲ್ಲಿದೆ ಆಲ್ಬಮ್?" ಅವಳ ದನಿ ಏರಲಿಲ್ಲ. "ಶಾಲೆ ಮಕ್ಕಳು ಹೊಸ ಉಯ್ಯಾಲೆಗೆ ಅಂತ ಚಿಲ್ಲರೆ ಕೂಡಿಸ್ತಿದ್ರು, ದೊಡ್ಡ ಗಾಜಿನ ಜಾಡಿಯಲ್ಲಿ. ಮನೇಲಿ ಅವನ್ನ ನೋಡೋಕೇ ಆಗ್ತಿರಲಿಲ್ಲ ನನಗೆ. ಒಂದೊಂದೇ ಒತ್ತಿ ತೆಗೆದು ಜಾಡಿಗೆ ಹಾಕಿದೆ. ಅಪ್ಪ ನಮ್ಮನ್ನೆಲ್ಲ ಮಂಗ ಮಾಡಿದ್ರು ಅಂತ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನಿಗೆ ನಗುವೋ ನಗು. ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಅದೇ ತಮಾಷೆ. ಟರ್ಕಿ ಕೋಳಿಗೆ ಹೊಳಪು ಸಾಲದು, ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ಅಂತ. ನಾನೂ ನಕ್ಕೆ."

ಡೆಲ್ಮರ್ ಜೇಬಿನಿಂದ ಉಳಿದ ಒಂದೇ ಡೈಮನ್ನು ತೆಗೆದು ಚಾಚಿದ. ಅವಳು ಕೈ ನೀಡಲಿಲ್ಲ.

"ನನಗಲ್ಲ. ಅಮ್ಮನಿಗೆ ಕೊಡಿ. ಅವರೊಬ್ಬರೇ ಹಾಗಲ್ಲ ಅಂತ ಹೇಳ್ತಿದ್ದದ್ದು. ನಾವು ಯಾರೂ ಕೇಳಲಿಲ್ಲ."

ರೊಕ್ಸಾನ್‌ಳ ತಾಯಿ ಬರ್ನೀಸ್ ಟೀಮನ್ ಸೊಂಟ ಮುರಿದ ಮೇಲೆ ಊರಾಚೆಯ ಶುಶ್ರೂಷಾ ಮನೆಯಲ್ಲಿದ್ದಳು. ಡೆಲ್ಮರ್ ಹೋದಾಗ ಆಕೆ ಗೆಳತಿಯರ ಜೊತೆ ಇಸ್ಪೀಟು ಆಡುತ್ತಿದ್ದಳು. ಎಲೆ ಮಗುಚಿಟ್ಟು, ಗಾಲಿಕುರ್ಚಿಯನ್ನು ತಾನೇ ತಿರುಗಿಸಿ, ಅವನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದಳು. ಡೈಮನ್ನು ಅಂಗೈ ಮೇಲೆ ಇಟ್ಟುಕೊಂಡಳು.

"ಕೈ ತೊಳೀತಿದ್ದ," ಎಂದಳು. "ಗೋದಾಮಿನಿಂದ ಬಂದು, ಒರಟು ಸೋಪಿನಲ್ಲಿ ಮೊಣಕೈವರೆಗೂ ತೊಳೆದು, ಒರೆಸ್ಕೊಂಡು, ಆಮೇಲೇ ಸುರುಳಿ ಒಡೀತಿದ್ದ. ನನಗೇ ಮುಟ್ಟೋಕೆ ಬಿಡ್ತಿರಲಿಲ್ಲ. ನಾನು ಮಕ್ಕಳಿಗೆ ಇದನ್ನೇ ಹೇಳಿದೆ. ಅವರು ನನ್ನ ಕೈ ಸವರಿ, ಆಯ್ತಮ್ಮ, ಆಯ್ತಮ್ಮ ಅಂದ್ರು. ತಲೆ ಕೆಟ್ಟವಳಿಗೆ ಅನ್ನೋ ಹಾಗೆ."

ಆಕೆ ಡೈಮನ್ನು ಬೆಳಕಿಗೆ ತಿರುಗಿಸಿದಳು.

"ಕೊನೆಕೊನೆಗೆ ನನಗೂ ಅನುಮಾನ ಬಂತು. ನಾನು ಅಂಗಡಿಗೆ ಹೋದಾಗ ಉಜ್ಜಿರಬಹುದೇನೋ ಅಂತ. ಆಮೇಲೆ, ಇನ್ನೇನೇನು ಮಾಡಿದ್ದನೋ ಅಂತ. ಸತ್ತವನ ಮೇಲೆ ಅನುಮಾನ ಪಡೋದು ಅಂದ್ರೆ ಏನು ಗೊತ್ತೇನಯ್ಯಾ ನಿನಗೆ? ಕರೆದು ಕೇಳೋಕೂ ಆಗಲ್ಲ."

"ತಪ್ಪಾಯ್ತು, ತಾಯಿ."

"ನನ್ನ ಕಿವೀಲಿ ಹೇಳಿದ್ರೆ? ಹೇಳಿದ್ದು ಎಲ್ಲರ ಮುಂದೆ ತಾನೆ? ಇದನ್ನೂ ಎಲ್ಲರ ಮುಂದೇನೇ ಹೇಳು. ಕಣ್ಣಿನ ವಿಷಯಾನೂ ಬಿಡಬೇಡ."

ಆಕೆ ಡೈಮನ್ನು ಮುಷ್ಟಿಯಲ್ಲಿ ಮುಚ್ಚಿ ಇಸ್ಪೀಟಿನ ಮೇಜಿಗೆ ಹಿಂತಿರುಗಿದಳು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ನವೆಂಬರಿನ ಸಭೆಯಲ್ಲಿ, ಕಾಫಿಗೆ ಏಳುವ ಮೊದಲು, ಡೆಲ್ಮರ್ ಎದ್ದು ನಿಂತ. ಎಲ್ಡನ್ ಟೀಮನ್‌ನ ಡೈಮುಗಳು ಉಜ್ಜಿದವಲ್ಲ, ತನ್ನ ಕಣ್ಣು ಆಗ ಸರಿಯಿರಲಿಲ್ಲ, ಸರಿಯಿಲ್ಲವೆಂದು ತನಗೆ ತಿಳಿದಿತ್ತು, ತಿಳಿದೂ ತೀರ್ಪು ಕೊಟ್ಟೆ, ಆಮೇಲೆ ಕಳೆದುಹೋಯಿತೆಂದು ಸುಳ್ಳೂ ಹೇಳಿದೆ ಎಂದ. ಅವರು ಬೈದಿದ್ದರೆ ಒಳ್ಳೆಯದಿತ್ತು.

"ಕೂತ್ಕೊಳೋ ಡೆಲ್ಮರ್," ಎಂದ ಗೇಲೆನ್, ಕುರ್ಚಿಯಲ್ಲಿ ಮಿಸುಕಾಡುತ್ತ. "ಹತ್ತು ಸೆಂಟಿನ ವಿಷಯಕ್ಕೆ ಇಷ್ಟೊಂದು ಯಾಕೆ? ಯಾರಿಗೆ ತಪ್ಪಾಗಲ್ಲ?"

"ಹತ್ತು ಸೆಂಟಿನ ವಿಷಯ ಅಲ್ಲ ಗೇಲೆನ್."

"ಗೊತ್ತಯ್ಯ, ಗೊತ್ತು. ಬಾ, ಬಿಸ್ಕತ್ತು ತಗೋ."

ಎಲ್ಲರೂ ಕರುಣೆಯಿಂದಲೇ ನಡೆದುಕೊಂಡರು. ಒಬ್ಬ ಭುಜ ತಟ್ಟಿದ. ಇನ್ನೊಬ್ಬ ತನ್ನ ಅತ್ತೆಯ ಕಣ್ಣಿನ ಪೊರೆಯ ಕತೆ ಹೇಳಿದ. ಆದರೆ ಬಿಸ್ಕತ್ತಿನ ತಟ್ಟೆ ಸುತ್ತುತ್ತಿದ್ದ ಹಾಗೇ, ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಸದಸ್ಯನೊಬ್ಬ ಜೇಬಿನಿಂದ ನಾಣ್ಯವೊಂದನ್ನು ತೆಗೆದು, ಡೆಲ್ಮರ್‌ಗೆ ಕಾಣದಂತೆ ಮೇಜಿನ ಕೆಳಗೆ ಹಿಡಿದು, ಪಕ್ಕದವನಿಗೆ ತೋರಿಸಿದ. ಎರಡು ವರ್ಷದ ಹಿಂದೆ ಡೆಲ್ಮರ್ ಹೊಗಳಿ ಹೊಗಳಿ ಮೇಲಿನ ದರ್ಜೆ ಕೊಟ್ಟ ನಾಣ್ಯವದು. ಪಕ್ಕದವನು ಮೆಲ್ಲಗೆ ತಲೆಯಾಡಿಸಿದ, ಇಲ್ಲ ಎನ್ನುವ ಹಾಗೆ. ಡೆಲ್ಮರ್‌ನ ಹೊಸ ಕಣ್ಣಿಗೆ ಅದೂ ಕಂಡಿತು. ಆಮೇಲಿನ ತಿಂಗಳುಗಳಲ್ಲಿ ಯಾರೂ ಅವನ ಮುಂದೆ ನಾಣ್ಯ ಇಡಲಿಲ್ಲ. ಅವನು ಸಂಘ ಬಿಡಲಿಲ್ಲ. ಮುಂಚಿತವಾಗಿ ಹೋಗಿ ಕಾಫಿ ಹಂಡೆ ಹಚ್ಚಿ, ಕುರ್ಚಿ ಬಿಡಿಸಿ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ.

ಮರುವರ್ಷದ ಫೆಬ್ರವರಿಯ ಚಳಿಯಲ್ಲಿ ಬರ್ನೀಸ್ ತೀರಿಕೊಂಡಳು. ಡೆಲ್ಮರ್‌ಗೆ ಹೋಗುವ ಧೈರ್ಯವಿರಲಿಲ್ಲ. ಲವೊನ್ ಆಲೂಗಡ್ಡೆ, ಚೀಸು ಬೇಯಿಸಿದ ದೊಡ್ಡ ಪಾತ್ರೆಯನ್ನು ಅವನ ತೊಡೆಯ ಮೇಲಿಟ್ಟು, "ಅಲ್ಲಾಡಿಸಬೇಡ," ಎಂದು ಗಾಡಿ ಹೊರಡಿಸಿದಳು. ಪ್ರಾರ್ಥನೆಯ ಹೊತ್ತು ಅವನು ಕೊನೆಯ ಬೆಂಚಿನಲ್ಲಿ ಕೂತ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಾಲಿನಲ್ಲಿ ಊಟ. ಹ್ಯಾಮ್ ತುಂಬಿದ ಬನ್ನು, ನಡುಗುವ ಹಸಿರು ಜೆಲ್ಲಿ. ಕಾಗದದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಮುಂದಿನ ಮೇಜಿನಿಂದ ಗಟ್ಟಿ ದನಿಯೊಂದು ಕೇಳಿಸಿತು. ವಯೋಮಿಂಗ್‌ನಿಂದ ಬಂದ ಮಗ ಲೈಲ್, ಸುತ್ತ ಕೂತ ನೆಂಟರಿಗೆ ಹೇಳುತ್ತಿದ್ದ:

"...ಅಪ್ಪನೂ ಕಮ್ಮಿ ಇರಲಿಲ್ಲ ಬಿಡಿ. ಡೈಮಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ, ಹೊಸದು ಅಂತ ನಮ್ಮಮ್ಮನನ್ನ ಜೀವನಪೂರ್ತಿ ಯಾಮಾರಿಸಿದ! ಈಗ ಮೇಲೆ ಇಬ್ಬರೂ ಸೇರಿರ್ತಾರೆ, ಅಮ್ಮ ಅವನ ಕಿವಿ ಹಿಡ್ಕೊಂಡಿರ್ತಾಳೆ..."

ನೆಂಟರು ನಕ್ಕರು, ಸಾವಿನ ಮನೆಯಲ್ಲಿ ನಗಲು ಒಂದು ನೆಪ ಸಿಕ್ಕವರಂತೆ. ಡೆಲ್ಮರ್ ರೊಕ್ಸಾನ್‌ಳ ಕಡೆ ನೋಡಿದ. ಅವಳು ಕಾಫಿ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಅಣ್ಣನಿಗೆ ಅವಳು ಹೇಳಿರಲಿಲ್ಲ. ಹೇಳುವುದು ಅವಳ ಕೆಲಸವೂ ಆಗಿರಲಿಲ್ಲ.

ಡೆಲ್ಮರ್ ಸಾಲು ಬಿಟ್ಟು ಆ ಮೇಜಿನ ಹತ್ತಿರ ಹೋದ.

"ಅದು ನಿಜ ಅಲ್ಲ," ಎಂದ.

"ಏನು? ನೀವ್ಯಾರು?" ಲೈಲ್‌ನ ಬಾಯಲ್ಲಿ ಬನ್ನಿತ್ತು.

"ಆ ಕತೆ ಹುಟ್ಟಿಸಿದವನು ನಾನು. ನಿಮ್ಮಪ್ಪ ಯಾವತ್ತೂ ಉಜ್ಜಲಿಲ್ಲ. ಕಣ್ಣು ಕಾಣದಿದ್ರೂ ಕಾಣುತ್ತೆ ಅಂತ ನಾನು ಸುಳ್ಳು ತೀರ್ಪು ಕೊಟ್ಟೆ. ಅವರು ಆರಿಸಿದ್ದು ಎಲ್ಲಾ ಅಪ್ಪಟ."

ಯಾರೋ ಚಮಚ ಕೆಳಗಿಟ್ಟರು.

"ಅಮ್ಮನ ಮಣ್ಣಿನ ದಿನ ಒಂದು ಡೈಮಿನ ಮಾತು ತಗೊಂಡು ಬಂದ್ರಾ?" ಎಂದ ಲೈಲ್. ಕೋಪ ಅವನ ಹಣೆಗೇರುತ್ತಿತ್ತು. ಆದರೆ ಅರ್ಧ ದಾರಿಯಲ್ಲಿ ಅದು ಬೇರೇನೋ ಆಯಿತು. ಬನ್ನನ್ನು ತಟ್ಟೆಗಿಟ್ಟ. "ನಾನು ಅದನ್ನ ಎಲ್ಲಾ ಕಡೆ ಹೇಳಿದ್ದೀನಿ," ಎಂದ, ಯಾರಿಗೆಂದಿಲ್ಲದೆ. "ಕೆಲಸದಲ್ಲಿ. ಬೇಟೆಗೆ ಹೋದಾಗ. ನನ್ನ ಮೊಮ್ಮಕ್ಕಳಿಗೆ ಅವರ ಮುತ್ತಾತ ಅಂದ್ರೆ ಅದೊಂದೇ ಕತೆ ಗೊತ್ತಿರೋದು."

"ತಪ್ಪು ನಂದು," ಎಂದು ಡೆಲ್ಮರ್ ಇನ್ನೊಮ್ಮೆ ಹೇಳಿದ. ಲೈಲ್ ಮುಖ ಎತ್ತಲಿಲ್ಲ. ರೊಕ್ಸಾನ್ ಬಂದು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತಳು, ಅವನ ಬೆನ್ನ ಮೇಲೆ ಕೈಯಿಟ್ಟಳು. ಡೆಲ್ಮರ್ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಬಂದ.

ಹಿಮ ಬೀಳುತ್ತಿತ್ತು. ಲವೊನ್ ಆಗಲೇ ಹೊರಬಂದು ಗಾಡಿ ಬೆಚ್ಚಗೆ ಮಾಡಿಕೊಂಡು ಕೂತಿದ್ದಳು. ಅವನು ಹತ್ತಿದ. ಅವಳು ಅವನ ಮುಖ ನೋಡಿದಳು.

"ಪಾತ್ರೆ?" ಎಂದಳು.

ಮನೆಗೆ ಒಯ್ಯಬೇಕಾಗಿದ್ದ ಆಲೂಗಡ್ಡೆಯ ಪಾತ್ರೆ ಒಳಗೇ ಉಳಿದಿತ್ತು, ಊಟದ ಮೇಜಿನ ನಡುವೆ, ಟೀಮನ್ ನೆಂಟರ ಮಧ್ಯೆ.

"ನಾನು ತರ್ತೀನಿ, ನೀನು ಕೂತಿರು," ಎಂದು ಅವಳು ಬಾಗಿಲಿಗೆ ಕೈ ಹಾಕಿದಳು.

"ಬೇಡ," ಎಂದ ಡೆಲ್ಮರ್. "ನಾನೇ ಹೋಗ್ತೀನಿ."

ಕೆಳಗಿಳಿದು, ಟೊಪ್ಪಿಯ ಹಿಮ ಕೊಡವಿ, ಮತ್ತೆ ಹಾಲಿನ ಬಾಗಿಲ ಕಡೆ ನಡೆದ.